ಸೋಮವಾರ ಕೊಡಿ ಎಂದ ಸೀಟು

ಬೈಕಿನ ಸೀಟು ಹೊಲಿಯುವವರಿಗೆ ಗಿರಾಕಿಗಳ ಮುಖ ಮರೆತರೂ ಅವರು ಕೂರುವ ರೀತಿ ಮರೆಯುವುದಿಲ್ಲ. ಯಾರಾದರೂ ಹರಿದ ಸೀಟು ತಂದಿಟ್ಟರೆ ಸೀಟಕ್ಕ ಮೊದಲು ಅದರ ಮೇಲೆ ಅಂಗೈ ಆಡಿಸುತ್ತಿದ್ದಳು. "ಎಡಕ್ಕೆ ವಾಲಿ ಕೂರ್ತೀಯಲ್ಲಪ್ಪ, ಸೊಂಟ ನೋವಾ?" ಎಂದರೆ ಬಂದವನು ಬೆಪ್ಪಾಗಿ ನಿಲ್ಲುತ್ತಿದ್ದ. ಸ್ಪಂಜು ಎಲ್ಲಿ ಕುಗ್ಗಿದೆ, ರೆಕ್ಸಿನ್ ಎಲ್ಲಿ ಸವೆದಿದೆ ಎಂದು ನೋಡಿಯೇ ಮನುಷ್ಯರನ್ನು ಅಳೆಯುವುದು ಅವಳ ಅಭ್ಯಾಸ.

ಗ್ಯಾರೇಜುಗಳ ಸಾಲಿನಲ್ಲಿ ಕೊನೆಯ ಮಳಿಗೆ ಅವಳದು. ಒಂದು ಹೊಲಿಗೆ ಮಿಷನ್ನು, ಗೋಡೆಗೊರಗಿದ ರೆಕ್ಸಿನ್ ಸುರುಳಿಗಳು, ಒಂದು ಬೆಂಚು, ಬೆಂಚಿನ ಹಿಂದೆ ಪರದೆ. ಪರದೆಯ ಆಚೆ ಮನೆ. ತಾಯಿ ತೀರಿಕೊಂಡಾಗ ಅವಳಿಗೆ ಇಪ್ಪತ್ತೊಂದು, ತಮ್ಮನಿಗೆ ಆರು. ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರಲಿ" ಎನ್ನುತ್ತಲೇ ಬಂದಳು. ತಮ್ಮ ದಡ ಸೇರುವ ಬದಲು ರಸ್ತೆಗೆ ಇಳಿದ.

ವಾರವಿಡೀ ಪಾರ್ಸೆಲ್ ಆಫೀಸಿನಲ್ಲಿ ಪೆಟ್ಟಿಗೆ ಎತ್ತಿಡುವ ಹುಡುಗ, ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬೇರೆಯೇ ಆಗುತ್ತಿದ್ದ. ಊರಾಚೆ ಇನ್ನೂ ವಾಹನಗಳಿಗೆ ಬಿಡದ ಹೊಸ ರಸ್ತೆಯೊಂದಿತ್ತು. ಅಲ್ಲಿ ಇಪ್ಪತ್ತು ಮೂವತ್ತು ಹುಡುಗರು ಸೇರಿ ಬೈಕ್ ರೇಸ್ ನಡೆಸುತ್ತಿದ್ದರು. ಕಾನೂನಿಗೆ ವಿರುದ್ಧವಾದ ಕೆಲಸ. ಅವರ ಬಾಯಲ್ಲಿ ತಮ್ಮನ ಹೆಸರು ಬಾಣ. ಹಿಂದಿನ ತಿಂಗಳು ಒಬ್ಬನ ಕಾಲು ಎರಡು ಕಡೆ ಮುರಿದಿತ್ತು. ಅಂದಿನಿಂದ ಭಾನುವಾರ ಬಂತೆಂದರೆ ಸೀಟಕ್ಕನಿಗೆ ಕೈಕಾಲು ಆಡುತ್ತಿರಲಿಲ್ಲ. ಬೈದಳು, ಅತ್ತಳು, ಮಾತು ಬಿಟ್ಟಳು. ತಮ್ಮ ನಕ್ಕುಬಿಡುತ್ತಿದ್ದ.

ಆ ಗುಂಪಿನಲ್ಲೇ ಇದ್ದ ಹೊಸಬ. ಬಂದು ಎಂಟು ತಿಂಗಳಾದರೂ ಅವನ ಹೆಸರು ಹೊಸಬನೇ. ಮಾತು ಕಡಿಮೆ, ಓಡಿಸುವುದು ಜೋರು. ರೇಸ್ ಮುಗಿಸಿ ತಮ್ಮನ ಜೊತೆ ಮನೆಗೆ ಬಂದು ಉಣ್ಣುತ್ತಿದ್ದ. ತಟ್ಟೆ ತಾನೇ ತೊಳೆದಿಡುತ್ತಿದ್ದ. ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ. ಸೀಟಕ್ಕನ ಕಣ್ಣು ಮಂಜಾದದ್ದನ್ನು ತಮ್ಮನಿಗಿಂತ ಮೊದಲು ಗಮನಿಸಿದವನು ಅವನೇ. "ಕೊಡಿ ಅಕ್ಕಾ, ದಾರ ನಾನು ಪೋಣಿಸ್ತೀನಿ" ಎಂದು ಸೂಜಿ ಇಸಿದುಕೊಳ್ಳುತ್ತಿದ್ದ. ಇಂಥವನು ಆ ಪೋಲಿಗಳ ಜೊತೆ ಯಾಕಿದ್ದಾನೆ ಎಂದು ಅವಳಿಗೆ ಬಗೆಹರಿಯುತ್ತಿರಲಿಲ್ಲ.

ಬಗೆಹರಿಯಿತು ಅನ್ನಿಸಿದ್ದು ಅವನ ಜಾಕೆಟ್ ಕೈಗೆ ಬಂದ ದಿನ. ಜಾಕೆಟ್ಟಿನ ಒಳಬಟ್ಟೆ ಹರಿದಿದೆ, ಹೊಸದು ಹಾಕಿಕೊಡಿ ಎಂದು ಕೊಟ್ಟುಹೋಗಿದ್ದ. ಸೀಟಕ್ಕ ಅಭ್ಯಾಸದಂತೆ ಅಂಗೈ ಆಡಿಸಿದಳು. ಬಲ ಸೊಂಟದ ಹತ್ತಿರ ಅಂಗೈ ಅಗಲದಷ್ಟು ಬಟ್ಟೆ ನುಣ್ಣಗೆ ಸವೆದು, ಎಣ್ಣೆ ಹೀರಿ ಕಪ್ಪಾಗಿತ್ತು. ಬೀಗದ ಕೈ ಆಗಿದ್ದರೆ ತೂತು ಬೀಳುತ್ತದೆ. ಫೋನ್ ಆಗಿದ್ದರೆ ಚೌಕ ಮೂಡುತ್ತದೆ. ಇದು ಭಾರದ ವಸ್ತು, ಒಂದು ಕಡೆ ದಪ್ಪ, ಒಂದು ಕಡೆ ತೆಳು, ಎಣ್ಣೆ ಹಚ್ಚಿ ಇಡುವಂಥದ್ದು. ಬಂದೂಕು!

ಪೊಲೀಸರ ಹತ್ತಿರವೂ ಬಂದೂಕು ಇರುತ್ತದೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಖಾಕಿ ಇಲ್ಲದ ಪೊಲೀಸರನ್ನು ಅವಳು ಕಂಡವಳೇ ಅಲ್ಲ.

ಮರುದಿನ ಮಳಿಗೆ ಮುಚ್ಚಿ ಸ್ಟೇಷನ್ನಿಗೆ ಹೋದಳು. ತಮ್ಮನ ಹೆಸರು ಎತ್ತದೆ, ಗ್ಯಾರೇಜ್ ಸಾಲಿನ ಹುಡುಗರನ್ನು ಒಬ್ಬ ರೌಡಿ ಕೆಡಿಸುತ್ತಿದ್ದಾನೆ ಎಂದಳು. ದೂರು ಬರೆಯುವವನು ಮೊದಲು ಆಕಳಿಸುತ್ತಲೇ ಬರೆದುಕೊಂಡ.

"ಗುರುತು ಏನಮ್ಮಾ?"

"ಎತ್ತರದ ಆಳು. ಎಡಗಿವಿ ಹಿಂದೆ ಮಚ್ಚೆ. ಬಲಗಡೆ ಸೊಂಟದಲ್ಲಿ ಬಂದೂಕು ಇಟ್ಕೋತಾನೆ."

ಪೆನ್ನು ನಿಂತಿತು. ಅವನು ಎದ್ದು ಒಳಗೆ ಹೋದ. ಒಳಗಿನಿಂದ ಇನ್ಸ್‌ಪೆಕ್ಟರೇ ಹೊರಬಂದರು. ಸೀಟಕ್ಕನನ್ನು ಕುರ್ಚಿಯಲ್ಲಿ ಕೂರಿಸಿದರು, ಟೀ ತರಿಸಿದರು, ಬರೆದ ಹಾಳೆಯನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡರು.

"ಬಂದೂಕು ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ ಸ್ವಾಮಿ. ಬಟ್ಟೆ ಸವೆದಿತ್ತು."

ಇನ್ಸ್‌ಪೆಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಮನೆಗೆ ಹೋಗಿ ಅಮ್ಮಾ. ಇದನ್ನ ಇನ್ಯಾರ ಹತ್ರಾನೂ ಆಡ್ಬೇಡಿ. ನಿಮ್ಮ ಮನೆಯವರ ಹತ್ರಾನೂ."

ದಾರಿಯುದ್ದಕ್ಕೂ ಅವಳಿಗೆ ತಲೆಬುಡ ತಿಳಿಯಲಿಲ್ಲ. ದೂರು ಕೊಡಲು ಹೋದವರಿಗೆ ಟೀ ಯಾಕೆ? ಹಾಳೆ ಹರಿದದ್ದು ಯಾಕೆ? ಮನೆ ಮುಟ್ಟುವ ಹೊತ್ತಿಗೆ ಒಂದೇ ಉತ್ತರ ಉಳಿದಿತ್ತು. ಇವರೆಲ್ಲ ಅವನ ಕಡೆಯವರು. ಅವನ ಕೈ ಅಷ್ಟು ಉದ್ದ.

ಆ ವಾರ ತಮ್ಮ ತನ್ನ ಬೈಕಿನ ಸೀಟು ಬಿಚ್ಚಿ ತಂದುಕೊಟ್ಟಿದ್ದ. ಸ್ಪಂಜು ಒಂದು ಅಂಗುಲ ಇಳಿಸಬೇಕು, ಬಗ್ಗಿ ಓಡಿಸಲು ಸಲೀಸಾಗುತ್ತದೆ ಎಂದ. ಸೀಟಕ್ಕನಿಗೆ ದೇವರೇ ದಾರಿ ತೋರಿಸಿದಂತಾಯಿತು. ದಿನಕ್ಕೊಂದು ನೆಪ ಹೇಳಿದಳು. ದಾರ ಬಂದಿಲ್ಲ. ಕತ್ತರಿ ಸಾಣೆಗೆ ಕೊಟ್ಟಿದೀನಿ.

"ಅಕ್ಕಾ, ನಿನ್ನ ನಾಟಕ ನಂಗೊತ್ತು" ಎಂದು ತಮ್ಮ ನಕ್ಕ. "ಸೀಟು ಕೊಡದಿದ್ರೆ ಬಿಡು. ಹೊಸಬನ ಬೈಕಲ್ಲಿ ಹಿಂದೆ ಕೂತ್ಕೊಂಡು ಹೋಗ್ತೀನಿ."

ಶನಿವಾರ ಮಧ್ಯಾಹ್ನ ಹೊಸಬ ಒಬ್ಬನೇ ಬಂದ. ಜಾಕೆಟ್ ತೆಗೆದುಕೊಂಡ, ಹೊಸ ಒಳಬಟ್ಟೆಯ ಮೇಲೆ ಬೆರಳಾಡಿಸಿದ. ಹೊರಟವನು ಬಾಗಿಲಲ್ಲಿ ನಿಂತ.

"ಅಕ್ಕಾ, ಅವನ ಸೀಟು ಇವತ್ತು ಕೊಡ್ಬೇಡಿ."

"ಯಾಕೋ?"

"ಸೋಮವಾರ ಕೊಡಿ."

"ಅದೇ ಯಾಕೆ ಅಂತ."

"ಸೋಮವಾರ ಕೊಡಿ ಅಕ್ಕಾ. ಇನ್ನೇನೂ ಕೇಳ್ಬೇಡಿ." ಅಷ್ಟು ಹೇಳಿ ಹೊರಟುಹೋದ.

ಸೀಟಕ್ಕ ಬೆಂಚಿನ ಮೇಲೆ ಕುಳಿತಳು. ತನ್ನ ಮನಸ್ಸಿನ ಮಾತೇ ಅವನ ಬಾಯಲ್ಲಿ ಬಂದಿತ್ತು. ಸಂತೋಷವಾಗಬೇಕಿತ್ತು, ಹೆದರಿಕೆಯಾಯಿತು. ತಮ್ಮ ತನ್ನ ಬೈಕಿನಲ್ಲಿ ಬರಬಾರದು ಎಂದು ಇವನಿಗೇಕೆ ಆಸೆ? ಹಿಂದೆ ಕೂರಿಸಿಕೊಂಡು ಎಲ್ಲಿಗೆ ಕರೆದುಕೊಂಡು ಹೋಗುತ್ತಾನೆ? ಸೊಂಟದಲ್ಲಿ ಬಂದೂಕು ಇರುವವನ ಬೆನ್ನಿಗೆ ಅಂಟಿಕೊಂಡು ನನ್ನ ತಮ್ಮ! ಅದಕ್ಕಿಂತ ಅವನದೇ ಬೈಕು ವಾಸಿ. ಏನಾದರೂ ಎಡವಟ್ಟಾದರೆ ತಿರುಗಿಸಿಕೊಂಡು ಬಂದಾನು.

ಯೋಚಿಸಿದಷ್ಟೂ ಗಂಟು ಬಿಗಿಯಾಯಿತು. ಕೊನೆಗೆ ಎದ್ದು ಮಿಷನ್ನಿನ ಮುಂದೆ ಕುಳಿತಳು. ಅವಸರದಲ್ಲಿ ಎಡಮೂಲೆಯ ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಹೊಲಿಯುವ ತಾಳ್ಮೆ ಇರಲಿಲ್ಲ. ಸಂಜೆಯೊಳಗೆ ಸೀಟು ತಮ್ಮನ ಕೈಯಲ್ಲಿತ್ತು.

"ಏನಕ್ಕಾ, ಸೂರ್ಯ ಯಾವ ಕಡೆ ಹುಟ್ಟಿದ?" ಎಂದ ತಮ್ಮ.

ಭಾನುವಾರ ಎಂಟು ಗಂಟೆಗೆ ಎದುರು ಗ್ಯಾರೇಜಿನವನು ಓಡಿಬಂದ. ರಸ್ತೆಯ ಎರಡೂ ತುದಿ ಮುಚ್ಚಿ, ಬೈಕ್ ತಂದವರನ್ನೆಲ್ಲ ಪೊಲೀಸರು ಹಿಡಿದರಂತೆ. ಬರೀ ನೋಡಲು ಹೋದವರನ್ನು ಬೈದು ಮನೆಗೆ ಕಳಿಸಿದರಂತೆ. "ಮತ್ತೆ ಆ ಹೊಸಬ ಇದ್ನಲ್ಲ ಅಕ್ಕಾ, ಅವನೇ ಪೊಲೀಸಂತೆ!"

ಸೀಟಕ್ಕ ತಮ್ಮನಿಗೆ ಊಟ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದಳು. ಒಳಗೆ ಬಿಡಲಿಲ್ಲ, ಕಾಯಿರಿ ಎಂದರು. ಅಂಗಳದಲ್ಲಿ ಹಿಡಿದು ತಂದ ಬೈಕುಗಳು ಸಾಲಾಗಿ ನಿಂತಿದ್ದವು. ತಮ್ಮನದು ಮೂರನೆಯದು. ಬಿಸಿಲಿಗೆ ಆ ಸೊಟ್ಟ ಹೊಲಿಗೆ ಎದ್ದು ಕಾಣುತ್ತಿತ್ತು. ಏನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯದು, ಚೀಲದಿಂದ ಸಣ್ಣ ಕತ್ತರಿ, ಸೂಜಿ ತೆಗೆದು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು.

"ಏಯ್, ಅದನ್ನ ಮುಟ್ಟಬಾರದಮ್ಮಾ!" ಎಂದು ಕಾವಲಿನವನು ಕೂಗಿದ.

"ನನ್ನ ಕೆಲಸ ಕಣಯ್ಯಾ ಇದು. ಹೀಗೆ ಸೊಟ್ಟಗೆ ಇಲ್ಲಿ ನಿಲ್ಲಬಾರದು."

"ಇರಲಿ ಬಿಡಿ" ಎಂದಿತು ಗೊತ್ತಿದ್ದ ದನಿ. ಖಾಕಿಯಲ್ಲಿ ಹೊಸಬ ನಿಂತಿದ್ದ. ಬಂದೂಕು ಈಗ ಬೆಲ್ಟಿನ ಹೊರಗಿತ್ತು. ಅವನು ಪಕ್ಕದಲ್ಲೇ ಕುಳಿತು, ಸೂಜಿ ತೆಗೆದುಕೊಂಡು ದಾರ ಪೋಣಿಸಿದ.

"ಸೋಮವಾರ ಅಂದಿದ್ನಲ್ಲ ಅಕ್ಕಾ."

"ನಿನ್ನ ನಂಬಲಿಲ್ಲ."

"ನನ್ನ ಮೇಲೆ ದೂರು ಕೊಡೋಕೆ ಹೋಗಿದ್ರಂತೆ. ಜಾಕೆಟ್ ನೋಡೇ ಕಂಡುಹಿಡಿದುಬಿಟ್ರಲ್ಲ ಅಂತ ಸಾಹೇಬ್ರು ನಂಗೆ ಬೈದ್ರು."

ಅವಳಿಗೆ ನಗು ಬಂತು, ಹಿಂದೆಯೇ ಸಿಟ್ಟು ಬಂತು. "ಎಂಟು ತಿಂಗಳು ನಮ್ಮನೇಲಿ ಉಂಡಿಯಲ್ಲ. ಅದು ಡ್ಯೂಟೀನೋ, ಹಸಿವೋ?"

ಅವನು ಸೀಟಿನ ಅಂಚನ್ನು ಬಿಗಿಯಾಗಿ ಎಳೆದು ಹಿಡಿದ. "ಮೊದಲು ಡ್ಯೂಟಿ. ಆಮೇಲೆ ನಂಗೇ ಗೊತ್ತಾಗ್ಲಿಲ್ಲ ಅಕ್ಕಾ."

"ಅವನನ್ನ ಇವತ್ತು ಬಿಡ್ತೀರಾ?"

"ಇಲ್ಲ. ಕೋರ್ಟಿಗೆ ಹೋಗ್ಬೇಕು. ಅದು ನನ್ನ ಕೈಲಿಲ್ಲ." ನಂತರ ತಗ್ಗಿದ ದನಿಯಲ್ಲಿ, "ಗಾಯ ಆಗಿಲ್ಲ. ಕೈಕಾಲು ಸರಿಯಾಗಿವೆ" ಎಂದ.

ಹೊಲಿಗೆ ಮುಗಿಯಿತು. ಚೀಲ ತೆಗೆದಾಗ ಒಳಗೆ ಎರಡು ಡಬ್ಬಿಗಳಿದ್ದವು. ಭಾನುವಾರದ ಅಭ್ಯಾಸ, ತಮ್ಮನಿಗೂ ಹೊಸಬನಿಗೂ ಕಟ್ಟಿಬಿಟ್ಟಿದ್ದಳು. ಸೀಟಕ್ಕ ಎರಡನ್ನೂ ನೋಡಿದಳು, ಅವನನ್ನೂ ನೋಡಿದಳು. ವಾಪಸ್ ಒಯ್ಯಲೂ ಮನಸ್ಸಾಗಲಿಲ್ಲ, ತಗೋ ಎನ್ನಲೂ ಬಾಯಿ ಬರಲಿಲ್ಲ. ಎರಡನ್ನೂ ಬೈಕಿನ ಸೀಟಿನ ಮೇಲಿಟ್ಟು, "ಒಂದು ಒಳಗೆ ಕೊಡು" ಎಂದಷ್ಟೇ ಹೇಳಿ ಗೇಟು ದಾಟಿದಳು.

ನಾಲ್ಕನೆಯ ದಿನ ತಮ್ಮ ಜಾಮೀನಿನ ಮೇಲೆ ಮನೆಗೆ ಬಂದ. ಬೈಕು ಬರಲಿಲ್ಲ, ಲೈಸೆನ್ಸ್ ಬರಲಿಲ್ಲ. ನೆಟ್ಟಗೆ ಎರಡು ಕಾಲಿನಲ್ಲಿ ನಡೆದುಬಂದ. ಅವನ ಕೈಯಲ್ಲಿ ತೊಳೆದ ಡಬ್ಬಿಗಳು ಎರಡಿದ್ದವು. ಅವುಗಳಲ್ಲಿ ಒಂದನ್ನು ಯಾರು ಉಂಡರೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.