ಕರೆಂಟ್ ಹೋಗದ ಮಧ್ಯಾಹ್ನ

ಟೇಪ್ ರೆಕಾರ್ಡರಿನ ಬೆನ್ನಿನ ಮುಚ್ಚಳ ತೆಗೆದರೆ ಒಳಗಿನ ನಾಲ್ಕೂ ಸೆಲ್ಲುಗಳು ಸೋರಿ ಬಿಳಿ ಪುಡಿ ಕಟ್ಟಿದ್ದವು. ಹುಳಿಹುಳಿಯಾದ, ತುಕ್ಕು ಬೆರೆತ ವಾಸನೆ. ಹಳೆಯ ಬ್ರಷ್ಷಿನಿಂದ ಉಜ್ಜಿ, ಹೊಸ ಸೆಲ್ ಹಾಕಿ, ಓಡುವುದಿಲ್ಲ ಎಂಬ ಖಾತ್ರಿಯಲ್ಲೇ ಗುಂಡಿ ಒತ್ತಿದೆ. ಓಡಿತು.

ವಾಸನೆಯೊಂದು ಹಳೆಯ ಕಾಲವನ್ನು ಎಬ್ಬಿಸಿ ತಂದಿತು ಎಂದು ಯಾರಾದರೂ ಬರೆದರೆ ಪುಟದ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವವಳು ನಾನು. ಈಗ ಆ ಚಿಹ್ನೆಯನ್ನು ನನ್ನ ಲೇಖನಕ್ಕೇ ಹಾಕಿಕೊಳ್ಳಬೇಕು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡ್ಡಬಳ್ಳಾಪುರದ ನಮ್ಮ ಬೀದಿ, ಬೇಸಿಗೆ ರಜೆಯ ಮಧ್ಯಾಹ್ನ, ಪಕ್ಕದ ಮನೆಯ ಮಿಸ್ಸು ಹಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಸದ್ದು...

ಬೀದಿಗೆಲ್ಲ ಅವರು ಮಿಸ್ಸೇ. ಗಂಡ ತೀರಿಕೊಂಡ ಮೇಲೆ ಗಂಡನ ಊರಿನ ಈ ಮನೆಗೆ ಬಂದು, ಕಾನ್ವೆಂಟಿನಲ್ಲಿ ಕೆಲವು ವರ್ಷ ಇಂಗ್ಲಿಷ್ ಹೇಳಿಕೊಟ್ಟಿದ್ದರಿಂದ ಆ ಹೆಸರು. ಅದಕ್ಕೂ ಮುಂಚೆ ಮೂವತ್ತು ವರ್ಷ ಅವರು ಬೆಂಗಳೂರಿನ ದಂಡು ಪ್ರದೇಶದ ಹೋಟೆಲುಗಳಲ್ಲಿ ಸಂಜೆ ಹೊತ್ತು ಹಾಡುತ್ತಿದ್ದರು. ಇಂಗ್ಲಿಷಿನ ಹಳೆಯ ಜಾಜ್ ಹಾಡು, ಪಾಪ್ ಹಾಡು. ಯಾರ್ಯಾರೋ ಹಾಡಿ ಹಾಡಿಯೂ ಸವೆಯದ ಅಂಥ ಹಾಡುಗಳನ್ನು ಅವರು ‘ಸ್ಟ್ಯಾಂಡರ್ಡ್ಸ್’ ಎನ್ನುತ್ತಿದ್ದರು. ಸ್ಟ್ಯಾಂಡರ್ಡ್ ಎಂದು ತೀರ್ಮಾನ ಮಾಡಿದವರು ಯಾರು, ಯಾವ ಅಳತೆಗೋಲಿನಿಂದ ಎಂದು ನಾನು ಕೇಳಿದ್ದೆ. ಆಗ ನಾನು ಪಿಯುಸಿ. ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದು ಗೆದ್ದು ಮನೆಯಲ್ಲಿ ಮಾತಾಡುವುದೂ ಸ್ಪರ್ಧೆಯಂತಾಗಿತ್ತು. ಇಂಗ್ಲಿಷ್ ಉಚ್ಚಾರಣೆ ತಿದ್ದಿಸಿಕೊಳ್ಳಲು ದಿನಾ ಅವರ ಮನೆಗೆ ಹೋಗುತ್ತಿದ್ದೆ. ಅವರು ಒಂದು ಪದ ತಿದ್ದುವರು, ಮಧ್ಯೆ ಅದೇ ಪದವಿರುವ ಹಾಡೊಂದನ್ನು ಎತ್ತಿಕೊಳ್ಳುವರು.

“ಮಿಸ್, ನೀವು ತಾಳ ತಪ್ತೀರ,” ಎಂದೆ ಒಂದು ದಿನ. ಬೆರಳಿನಲ್ಲಿ ಎಣಿಸಿಯೇ ಹೇಳಿದ್ದು. “ಪ್ರತಿ ಸಾಲಿಗೂ ಲೇಟಾಗಿ ಬರ್ತೀರ.”

“ಬೇಕು ಅಂತ್ಲೇ ಲೇಟು ಮಾ.”

“ಅದನ್ನ ಯಾರು ಬೇಕಾದ್ರೂ ಹೇಳ್ಬೋದು. ಬಸ್ಸು ತಪ್ಪಿಸ್ಕೊಂಡೋರೂ ಬೇಕು ಅಂತ್ಲೇ ತಪ್ಪಿಸ್ಕೊಂಡೆ ಅನ್ಬೋದು.”

ಅವರು ನಕ್ಕರು. “ಅಯ್ಯೋ, ನಿನ್ನ ಕಟ್ಕೊಳ್ಳೋನು ಪಾಪ ಮ್ಯಾನ್! ಹಿಂದ್ಗಡೆ ಡ್ರಮ್ಮು ಇದ್ದಿದ್ರೆ ತೋರಿಸ್ತಿದ್ದೆ. ಬರೀ ಬಾಯಲ್ಲಿ ಹೆಂಗೆ ತೋರಿಸ್ಲಿ?”

ಪುರಾವೆಯಿಲ್ಲದ ವಾದ ಎಂದು ಆ ಸುತ್ತು ಗೆದ್ದುಕೊಂಡು ಮನೆಗೆ ಬಂದೆ.

ಆ ರಜೆಯಲ್ಲೇ ಅವರ ಗಂಟಲಲ್ಲಿ ಗಂಟು ಇದೆ ಎಂದು ಗೊತ್ತಾಯಿತು. ಆಪರೇಷನ್ ಆದ ಮೇಲೆ ಪಿಸುಮಾತು ಉಳಿಯಬಹುದು, ಹಾಡು ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಪರೇಷನ್ನಿಗೆ ಹನ್ನೆರಡು ದಿನ ಇತ್ತು.

“ಮೂವತ್ತು ವರ್ಷ ಹಾಡಿದೀನಿ. ಒಂದೂ ರೆಕಾರ್ಡಿಲ್ಲ ಮಾ,” ಎಂದರು. “ಬಂದೋರು ಬಿರಿಯಾನಿ ತಿಂದ್ರು, ಕೇಳಿದ್ರು, ಹೋದ್ರು. ನಾಳೆ ಇದನ್ನೆಲ್ಲ ಹಾಡಿದ್ದು ನಾನೇನಾ ಅಂತ ನಂಗೇ ನಂಬಿಕೆ ಬರ್ದಿದ್ರೆ?”

ಅವರು ಅಳಲಿಲ್ಲ. ಅತ್ತಿದ್ದರೆ ಏನು ಮಾಡಬೇಕೋ ನನಗೆ ತೋಚುತ್ತಿರಲಿಲ್ಲ. ಅವರು ಕೇಳಿದ್ದು ಪುರಾವೆ. ಆ ಭಾಷೆ ನನಗೆ ಚೆನ್ನಾಗಿ ಬರುತ್ತಿತ್ತು.

ಟೇಪ್ ರೆಕಾರ್ಡರ್ ಅವರ ಹತ್ತಿರವೇ ಇತ್ತು. ಖಾಲಿ ಕ್ಯಾಸೆಟ್ ಆಗಲೇ ಅಂಗಡಿಗಳಲ್ಲಿ ಸಿಗದಾಗಿತ್ತು. ಸ್ಪೋಕನ್ ಇಂಗ್ಲಿಷ್ ಪಾಠದ ಹಳೆಯದೊಂದನ್ನು ಹುಡುಕಿ, ಪಾಠ ಅಳಿಸಿಹೋಗದಂತೆ ಮಾಡಿದ್ದ ಅದರ ನೆತ್ತಿಯ ತೂತುಗಳಿಗೆ ಸೆಲ್ಲೋಟೇಪ್ ಅಂಟಿಸಿ, ಅದರ ಮೇಲೇ ರೆಕಾರ್ಡ್ ಮಾಡುವುದು ಎಂದಾಯಿತು. ಅಡ್ಡಿಯಿದ್ದದ್ದು ಒಂದೇ, ನಮ್ಮ ಮಗ್ಗ. ಎರಡು ಮನೆಗೂ ಇದ್ದದ್ದು ಒಂದೇ ಗೋಡೆ. ತೂಬಗೆರೆಯ ಹೊಲ ಬಿಟ್ಟು ಬಂದ ಅಪ್ಪ ಗೋಡೆಯ ಈಚೆಗೆ ನಾಲ್ಕು ಪವರ್‌ಲೂಮ್ ಓಡಿಸುತ್ತಿದ್ದ. ದಿನಾ ಒಂದು ಗಂಟೆ ನಿಲ್ಲಿಸು ಎಂದು ಅವನ ಮುಂದೆ ಮೂರು ಕಾರಣ ಇಟ್ಟು ವಾದ ಮಾಡಿದೆ. ಅಪ್ಪ ತುಂಡಾದ ಎಳೆ ಗಂಟುಹಾಕುತ್ತಾ ಪೂರ್ತಿ ಕೇಳಿಸಿಕೊಂಡ.

“ಆಯ್ತು ಕಣವ್ವಾ, ನಿಲ್ಸ್ತೀನಿ. ಆ ಕಡೆ ಮನೆಯೋರು ನಿಲ್ಸ್ತಾರಾ? ಎದುರುಗಡೆಯೋರು? ಬೀದಿ ತುಂಬಾ ಮಗ್ಗ. ನಮ್ದು ನಿಂತ್ರೆ ಮಿಕ್ಕಿದ್ದು ಇನ್ನೂ ಜೋರಾಗ್ ಕೇಳುತ್ತೆ ಅಷ್ಟೇಯ. ಡಿಬೇಟ್‌ನಾಗೆ ಇದ್ನೆಲ್ಲ ಹೇಳ್ಕೊಡಕಿಲ್ವಾ?”

ಇಡೀ ಬೀದಿಯನ್ನು ಒಟ್ಟಿಗೆ ಸುಮ್ಮನಾಗಿಸುವ ತಾಕತ್ತು ಲೋಡ್ ಶೆಡ್ಡಿಂಗಿಗೆ ಮಾತ್ರ ಇತ್ತು.

ಹಾಗಾಗಿ ನಮ್ಮ ರೆಕಾರ್ಡಿಂಗೆಲ್ಲ ಕರೆಂಟ್ ಹೋದಾಗಲೇ ನಡೆದದ್ದು. ಮಧ್ಯಾಹ್ನ ಎರಡೂವರೆ ಸುಮಾರಿಗೆ ಬೀದಿಯ ಸದ್ದೆಲ್ಲ ಒಂದೇ ಏಟಿಗೆ ನಿಲ್ಲುತ್ತಿತ್ತು. ಕಿವಿಯೊಳಗೆ ಗುಂಯ್ ಎನ್ನುವ ಮೌನ. ಅವರು ಬಿಸಿನೀರು ಕುಡಿದು ಕುರ್ಚಿಯ ತುದಿಗೆ ಬರುವರು. ನಾನು ಗುಂಡಿ ಒತ್ತುವೆ. ದಿನಕ್ಕೆ ಒಂದು ಹಾಡು, ಹೆಚ್ಚೆಂದರೆ ಎರಡು. ಅದಕ್ಕಿಂತ ಗಂಟಲು ತಡೆಯುತ್ತಿರಲಿಲ್ಲ. ಕರೆಂಟ್ ಯಾವಾಗ ವಾಪಸ್ ಬರುತ್ತದೆಂದು ಹೇಳುವ ಹಾಗಿರಲಿಲ್ಲ. ಮಗ್ಗ ಖಟ್ ಎಂದ ಕೂಡಲೇ ನನ್ನ ಬೆರಳು ಸ್ಟಾಪಿನ ಮೇಲೆ. ಕೊನೆಯ ಗಂಟೆ ಬಾರಿಸಿದ ಮೇಲೆ ಆಡಿದ ಮಾತಿಗೆ ಅಂಕವಿಲ್ಲ ಎಂಬ ಶಿಸ್ತಿನಲ್ಲಿ ಬೆಳೆದವಳು ನಾನು.

“ಯಾಕ್ ನಿಲ್ಸಿದೆ? ಇನ್ನೆರಡು ಲೈನ್ ಇತ್ತಲ್ಲಾ.”

“ಗಲಾಟೆ ಮಿಸ್. ರೆಕಾರ್ಡಿಂಗ್ ಕೆಡುತ್ತೆ.”

ಅವರು ಗೋಡೆಯ ಕಡೆ ನೋಡಿ ಬಿಸಿನೀರಿನ ಲೋಟ ಎತ್ತಿಕೊಳ್ಳುತ್ತಿದ್ದರು.

ಆ ಕ್ಯಾಸೆಟ್ಟನ್ನು ಈ ವಾರ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಮೊದಲು ವಿರೋಧದ ಮಾತು. ಕಾಯಿಲೆಯ ಮುದುಕಿಯೊಬ್ಬರು ಕೊನೆಯ ಬಾರಿ ಹಾಡಿದ್ದನ್ನು ಮೆಚ್ಚುವುದು ಬಹಳ ಸುಲಭ. ಕನಿಕರ ಪುರಾವೆಯಾಗುವುದಿಲ್ಲ. ಮೇಲಿನ ಸ್ವರಗಳಲ್ಲಿ ಅವರ ದನಿ ಸೀಳಿದೆ, ಉಸಿರು ಎಳೆದುಕೊಳ್ಳುವ ಸದ್ದು ಎಲ್ಲೆಲ್ಲೂ ಇದೆ. ಜೊತೆಗೆ ಒಂದು ವಾದ್ಯವೂ ಇಲ್ಲ. ಹಿಂದಿನ ಹಾಡಿನ ತುದಿ ಅಳಿಸಿಹೋಗದಿರಲಿ ಎಂದು ನಾನು ನಡುವೆ ಟೇಪು ಸರಿಸಿದ ಕಡೆಯಲ್ಲೆಲ್ಲ ಪಾಠದ ಗಂಡಸು ಇಣುಕಿ “ರಿಪೀಟ್ ಆಫ್ಟರ್ ಮೀ” ಎನ್ನುತ್ತಾನೆ. ಇಷ್ಟನ್ನೂ ಒಪ್ಪಿಕೊಂಡೇ ಹೇಳುತ್ತೇನೆ, ಅದು ದೊಡ್ಡ ಹಾಡುಗಾರಿಕೆ. ಎರಡನೆಯ ಹಾಡಿನಲ್ಲಿ ಒಂದು ಏರು ಬರುತ್ತದೆ. ಆ ಸ್ವರ ತನಗೆ ಸಿಗುವುದಿಲ್ಲ ಎಂದು ಅವರಿಗೆ ಗೊತ್ತು. ಅದಕ್ಕೆ ಕೈ ಚಾಚುವುದೇ ಇಲ್ಲ, ಕೆಳಗಿನ ಸ್ವರವೊಂದಕ್ಕೆ ಇಳಿದು ಕೂರುತ್ತಾರೆ, ಹಾಡು ಮೊದಲಿನಿಂದಲೂ ಅಲ್ಲಿಗೇ ಹೊರಟಿತ್ತು ಎಂಬಂತೆ. ಯಾರಿಗೋ ಕಾಯುವ ಹಾಡಿನಲ್ಲಿ ಪದದ ಕೊನೆಯ ಅಕ್ಷರವನ್ನು ನುಂಗದೆ, ಎಳೆಯದೆ, ಬಾಗಿಲು ಮೆಲ್ಲಗೆ ಮುಚ್ಚಿದ ಹಾಗೆ ಮುಗಿಸುತ್ತಾರೆ. ಪ್ರೀತಿಯ ಹಾಡುಗಳೆಂದರೆ ಗೋಳು ಎಂದು ನಾನು ವೇದಿಕೆಯ ಮೇಲೇ ಹೇಳಿದವಳು. ಇವುಗಳಲ್ಲಿ ಗೋಳಿಲ್ಲ. ಅಡುಗೆ ಮಾಡುತ್ತಾ ನೆರೆಯವರಿಗೆ ಸುದ್ದಿ ಹೇಳಿದಂತೆ ಅವರು ದುಃಖವನ್ನು ಹೇಳುತ್ತಾರೆ. ಆದರೆ ಹತ್ತರಲ್ಲಿ ಆರು ಹಾಡು ಅರ್ಧಕ್ಕೆ ತುಂಡಾಗಿವೆ. ತುಂಡು ಮಾಡಿದ್ದು ನಾನು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಒಂದೇ ಹಾಡು ಉಳಿದಿತ್ತು. ಹೋಟೆಲಿನಲ್ಲಿ ಪ್ರತಿ ಸಂಜೆ ಅದನ್ನೇ ಕೊನೆಗೆ ಹಾಡುತ್ತಿದ್ದರಂತೆ. ಎರಡೂವರೆ ಆಯಿತು, ಮೂರಾಯಿತು. ಕರೆಂಟ್ ಹೋಗಲಿಲ್ಲ. ಬೀದಿಗೆಲ್ಲ ಹಬ್ಬ, ನಮ್ಮಿಬ್ಬರಿಗೆ ಸೂತಕ. ತಡೆಯಲಾರದೆ ಕರೆಂಟ್ ಆಫೀಸಿಗೆ ಫೋನ್ ಮಾಡಿದೆ.

“ಸಾರ್, ಇವತ್ತು ಕರೆಂಟ್ ಯಾವಾಗ ಹೋಗುತ್ತೆ?”

ಆ ಕಡೆಯಾತ ಗೊಳ್ಳೆಂದು ನಕ್ಕ. “ಯಾವಾಗ ಬರುತ್ತೆ ಅಂತ ಬೈಯೋರ್ನ ನೋಡಿದೀನಿ. ಯಾವಾಗ ಹೋಗುತ್ತೆ ಅಂತ ಕೇಳೋಳು ನೀನೊಬ್ಳೇ ನೋಡವ್ವ! ಇವತ್ತು ಹೋಗಲ್ಲ, ಖುಷಿಯಾಗಿರು.”

ಫೋನಿಟ್ಟು ತಲೆ ತಗ್ಗಿಸಿ ಕೂತೆ. ಮಿಸ್ಸು ಬಿಸಿನೀರಿನ ಲೋಟ ಕೆಳಗಿಟ್ಟರು.

“ಒತ್ತು ಮಾ.”

“ಮಗ್ಗ ಓಡ್ತಾ ಇದೆ ಮಿಸ್...”

“ಓಡ್ಲಿ. ಚಮಚ ತಟ್ಟೆ ಗಲಾಟೆ ಇಲ್ದೆ ನಾನು ಯಾವತ್ತು ಹಾಡಿದ್ದೆ? ಸೈಲೆನ್ಸ್ ಬೇಕಾಗಿದ್ದು ನಿಂಗೆ, ನಂಗಲ್ಲ.”

ನಾನು ಗುಂಡಿ ಒತ್ತಿದೆ. ಅವರು ಎದ್ದು ಹೋಗಿ ಎರಡು ಮನೆಯ ನಡುವಿನ ಗೋಡೆಗೆ ಅಂಗೈ ಒತ್ತಿ ನಿಂತರು. ಗೋಡೆ ಸಣ್ಣಗೆ ನಡುಗುತ್ತಿತ್ತು. ನಾಲ್ಕು ಮಗ್ಗದಲ್ಲಿ ಯಾವುದನ್ನು ಹಿಡಿದರೋ, ಪಾದ ಅಲುಗತೊಡಗಿತು. ಖಟ್ ಖಟ್ ಖಟ್ ಖಟ್... ಮಗ್ಗ ಹೊಡೆಯಿತು, ಅವರು ಹಾಡಲಿಲ್ಲ. ಮತ್ತೆ ಹೊಡೆಯಿತು. ಆ ಏಟು ದಾಟಿ ಕೂದಲೆಳೆಯಷ್ಟು ಆಚೆಗೆ ಮೊದಲ ಪದವನ್ನು ಇಟ್ಟರು. ಮುಂದಿನ ಸಾಲಿಗೆ ಇನ್ನೂ ತಡ. ಇನ್ನೇನು ತಪ್ಪಿಯೇ ಹೋಯಿತು ಎಂದುಕೊಂಡಾಗ ಪದಗಳು ಒಂದರ ಹಿಂದೊಂದು ಓಡಿ ಬಂದು ಸರಿಯಾಗಿ ಮಗ್ಗದ ಏಟಿನ ಮೇಲೆ ಕೂತವು. ಮೌನದಲ್ಲಿ ಬೆರಳೆಣಿಸಿ ನಾನು ಹಿಡಿದ ತಪ್ಪು ತಪ್ಪೇ ಆಗಿರಲಿಲ್ಲ. ಯಾವುದಕ್ಕೆ ತಡವಾಗಿ ಬರುತ್ತಿದ್ದರೋ ಅದು ನನಗೆ ಅಲ್ಲಿಯವರೆಗೆ ಕೇಳಿಸಿಯೇ ಇರಲಿಲ್ಲ, ಅಷ್ಟೇ. ಅವರಿಗೆ ಬೇಕಿದ್ದ ಡ್ರಮ್ಮು ಇಷ್ಟು ದಿನವೂ ಗೋಡೆಯ ಆಚೆ ಬದಿಯಲ್ಲೇ ಬಡಿಯುತ್ತಿತ್ತು. ನಾನು ಅದು ನಿಲ್ಲುವುದನ್ನೇ ಕಾಯುತ್ತಿದ್ದೆ.

ಹಾಡು ಮುಗಿಯಿತು. “ಈಗ ಹೇಳು, ತಾಳ ತಪ್ತಾ?”

“ಇಲ್ಲ ಮಿಸ್.”

ಆಪರೇಷನ್ ಆಗಿ ಬಂದರು. ಡಾಕ್ಟರು ಹೇಳಿದಂತೆಯೇ ಪಿಸುಮಾತಷ್ಟೇ ಉಳಿದಿತ್ತು. ಒಂದು ವಾರ ಕಳೆದಿರಬೇಕು, ಕರೆಂಟ್ ಹೋಗಿ ಬೀದಿ ತಣ್ಣಗಾಗಿತ್ತು. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಹೊರಗೆ ಬಂದ.

“ಯಾವನಪ್ಪಾ ಅದು, ಕರೆಂಟ್ ಇಲ್ದೆ ಮಗ್ಗ ಓಡಿಸ್ತಿರೋನು?”

ಮಿಸ್ಸಿನ ಮನೆಯ ಕಿಟಕಿಯಿಂದ ಮಗ್ಗದ ಸದ್ದು ಬರುತ್ತಿತ್ತು. ಅದರ ಹಿಂದೆಯೇ, ಒಂಚೂರು ತಡವಾಗಿ, ಅವರ ದನಿ. ಅಪ್ಪನ ಮುಖದ ಗಂಟು ಬಿಚ್ಚಿತು. “ಮಿಸ್ಸೋರು ಹಾಡ್ತಾವ್ರೆ,” ಎಂದ. ಟೇಪು ಅಪ್ಪಾ ಎಂದು ತಿದ್ದಲು ಹೊರಟವಳು ತಿದ್ದಲಿಲ್ಲ.

ಆ ವರ್ಷದ ಕೊನೆಗೆ ಅವರು ಕೆಜಿಎಫ್‌ನ ತಂಗಿಯ ಮನೆಗೆ ಹೋದರು. ನಾನು ಹೋಗಿ ನೋಡಲಿಲ್ಲ. ಪರೀಕ್ಷೆ, ಸ್ಪರ್ಧೆ... ಕಾರಣಗಳಿಗೆ ನನ್ನಲ್ಲಿ ಯಾವತ್ತೂ ಬರವಿರಲಿಲ್ಲ. ಎರಡು ವರ್ಷದ ಮೇಲೆ ಆ ತಂಗಿಯೇ ಬಸ್ಸಿನಲ್ಲಿ ಬಂದು ಕ್ಯಾಸೆಟ್ ಸಮೇತ ಟೇಪ್ ರೆಕಾರ್ಡರ್ ಕೊಟ್ಟುಹೋದರು. “ಅಕ್ಕ ಹೋಗೋಕ್ ಮುಂಚೆ ಹೇಳಿದ್ರು, ಆ ಜಗಳಗಂಟಿ ಹುಡ್ಗಿಗೆ ಕೊಡು ಅಂತ.” ಕೇಳುವ ಧೈರ್ಯವಾಗದೆ ಅದನ್ನು ಅಟ್ಟದ ಮೇಲಿಟ್ಟೆ. ಸೆಲ್ಲು ತೆಗೆದಿಡುವ ಬುದ್ಧಿಯೂ ಇರಲಿಲ್ಲ.

ಈಗ ಅದು ಕೆಳಗಿಳಿದದ್ದು ಅಟ್ಟ ಖಾಲಿ ಮಾಡುವಾಗ. ಅಪ್ಪನ ಮಗ್ಗಗಳು ಹೋದ ವರ್ಷ ಗುಜರಿಗೆ ಹೋದವು, ಶೆಡ್ಡು ಪಾರ್ಸಲ್ ಗೋದಾಮಾಗುತ್ತಿದೆ. ಬೀದಿಯಲ್ಲಿ ಮಧ್ಯಾಹ್ನ ಕರೆಂಟ್ ಇದ್ದರೂ ಮೌನವೇ. ಆ ಮೌನದಲ್ಲಿ ಕೊನೆಯ ಹಾಡು ಹಾಕಿ ಕೂತಿದ್ದೆ. ಅಪ್ಪ ಬಂದು ಬಾಗಿಲಲ್ಲಿ ನಿಂತ.

ಹಾಡು ಮುಗಿದು, ಅವರ ಪ್ರಶ್ನೆ ಬಂತು, ನನ್ನ ಎಳೆಯ ದನಿಯಲ್ಲಿ “ಇಲ್ಲ ಮಿಸ್” ಬಂತು. ನನ್ನ ವಾದಗಳಲ್ಲಿ ರೆಕಾರ್ಡ್ ಆಗಿ ಉಳಿದಿರುವುದು ಈ ಸೋಲೊಂದೇ. ಅದಕ್ಕಾಗಿ ಅವರಿಗೆ ನಾನು ಹೇಳಬೇಕಾಗಿದ್ದ ಥ್ಯಾಂಕ್ಸ್ ಆ ಟೇಪಿನಲ್ಲಿ ಇಲ್ಲ. ಅದಾದ ಮೇಲೆ ಮಾತಿಲ್ಲ, ಬರೀ ಮಗ್ಗ. ಆ ಮಧ್ಯಾಹ್ನ ನಿಲ್ಲಿಸುವುದನ್ನು ನಾನು ಮರೆತಿದ್ದೆ. ಈಗ ಅಭ್ಯಾಸದಂತೆ ಬೆರಳು ಸ್ಟಾಪಿನ ಹತ್ತಿರ ಹೋಯಿತು.

“ಇರ್ಲಿ ಬುಡು,” ಎಂದ ಅಪ್ಪ. “ಅದು ನಮ್ಮ ಮೂರನೇ ಮಗ್ಗ ಕಣೇ. ಕುಂಟ್ತೈತೆ ನೋಡು. ಮಿಸ್ಸೋರು ಅದುನ್ನೇ ಹಿಡ್ಕಂಡವ್ರೆ.”

ಬೆರಳು ಹಿಂದಕ್ಕೆ ತೆಗೆದುಕೊಂಡೆ. ಅಪ್ಪ ನೆಲದ ಮೇಲೆ ಕೂತ. ಮೂರನೆಯ ಮಗ್ಗ ಕುಂಟುತ್ತಾ ಬಹಳ ಹೊತ್ತು ಓಡಿತು. ಕಡೆಗೆ ಟೇಪು ಮುಗಿದು ಗುಂಡಿ ತಾನಾಗಿಯೇ ಟಕ್ಕೆಂದು ಮೇಲೆದ್ದಿತು.