ಚಿಮಟಕ್ಕ ಮತ್ತು ನಲವತ್ತೊಂದು ಬಿಳಿ ಡಬ್ಬಿಗಳು

ನನ್ನ ತಂಗಿಯನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಎಲ್ಲರಿಗೂ ಅವಳು ಚಿಮಟಕ್ಕ. ಅಚ್ಚಿನ ಮನೆಯಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವವರ ಹತ್ತಿರ ಒಂದು ಸಣ್ಣ ಚಿಮಟ ಇರುತ್ತಿತ್ತು. ಸಾಲಿನ ಮಧ್ಯೆ ತಪ್ಪು ಅಕ್ಷರ ಕೂತಿದ್ದರೆ ಅದನ್ನು ಕಿತ್ತು, ಸರಿಯಾದದ್ದನ್ನು ಕೂರಿಸಲಿಕ್ಕೆ. ನನ್ನ ತಂಗಿ ಹದಿನೇಳನೇ ವಯಸ್ಸಿನಿಂದ ಅದನ್ನು ತುರುಬಿಗೆ ಸಿಕ್ಕಿಸಿಕೊಂಡೇ ಓಡಾಡಿದವಳು. ಸೀಸದ ಮೊಳೆಗಳೆಲ್ಲ ಗುಜರಿಗೆ ಹೋದವು, ಚಿಮಟ ಮಾತ್ರ ತಲೆಯಲ್ಲೇ ಉಳಿಯಿತು. ನಾಲಿಗೆಯಲ್ಲೂ ಉಳಿಯಿತು ಎನ್ನುವವರಿದ್ದಾರೆ. ಅವರೆಲ್ಲ ಒಂದಲ್ಲ ಒಂದು ದಿನ ಚಿವುಟಿಸಿಕೊಂಡವರು. ನಾನೂ ಅವರಲ್ಲಿ ಒಬ್ಬ.

ಕಣ್ಣು ಮುಚ್ಚಿ ಒಂದು ಮೊಳೆ ಮುಟ್ಟಿದರೆ ಅದು ಯಾವ ಅಕ್ಷರ ಎಂದು ಹೇಳುತ್ತಿದ್ದಳು. ಇದು ನಿಜ. ಆ ಅಕ್ಷರ ಹೋದ ವಾರ ಯಾರ ಮದುವೆ ಕಾಗದದಲ್ಲಿತ್ತು, ಆ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟು ಎದ್ದುಹೋದರು ಎಂದೂ ಹೇಳುತ್ತಿದ್ದಳು. ಇದು ನಾನು ಸೇರಿಸಿದ್ದು, ಆದರೆ ತುಂಬಾ ಸೇರಿಸಿಲ್ಲ. ಒಂದು ಸಲ ಭೂಮಿ ನಡುಗಿ ಅಚ್ಚಿನ ಮನೆಯ ಗೋಡೆ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತು, ಹಳೇ ಮಾಲೀಕರು ಮೇಜಿನ ಕೆಳಗೆ ಸೇರಿಕೊಂಡರು, ಯಂತ್ರ ಎರಡು ಮೊಳ ಆಚೆ ಹೋಗಿ ನಿಂತಿತು. ನನ್ನ ತಂಗಿ ಬಿಗಿದಿಟ್ಟ ಪುಟದಲ್ಲಿ ಒಂದು ಅಲ್ಪವಿರಾಮವೂ ಕದಲಲಿಲ್ಲ. ನನ್ನ ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ. ಬಿರುಕು ಈಗಲೂ ಇದೆ, ಹೋಗಿ ನೋಡಿಕೊಳ್ಳಲಿ.

ಪುಟ ಹಾಗೆ ಕದಲದೆ ನಿಲ್ಲಬೇಕಾದರೆ ಒಂದು ಉಪಾಯ ಬೇಕು. ಕಾಗದದ ಮೇಲೆ ನಮಗೆ ಬಿಳಿಯಾಗಿ ಕಾಣುತ್ತದಲ್ಲ, ಆ ಜಾಗದಲ್ಲಿ ಆಗಿನ ಕಾಲದಲ್ಲಿ ಸುಮ್ಮನೆ ಏನೂ ಇಲ್ಲದೆ ಇರುತ್ತಿರಲಿಲ್ಲ. ಅಕ್ಷರಕ್ಕಿಂತ ಗಿಡ್ಡನೆಯ ಸೀಸದ ತುಂಡು, ಮರದ ತುಂಡು ಇಟ್ಟು ತುಂಬಬೇಕಿತ್ತು. ಗಿಡ್ಡ ಇರುವುದರಿಂದ ಅದಕ್ಕೆ ಮಸಿ ತಾಗುವುದಿಲ್ಲ, ಕಾಗದದಲ್ಲಿ ಮೂಡುವುದಿಲ್ಲ. ಆದರೆ ಒಂದೇ ಒಂದು ತುಂಡು ಮರೆತು ಪುಟ ಬಿಗಿದ ಚೌಕಟ್ಟನ್ನು ಎತ್ತಿದಿರೋ, ಇಡೀ ಪುಟ ಜಲಪಾತದ ಹಾಗೆ ನೆಲಕ್ಕೆ ಸುರಿಯುತ್ತದೆ. ಆಮೇಲೆ ಸಾವಿರಾರು ಮೊಳೆಗಳನ್ನು ನೆಲದಿಂದ ಆರಿಸುತ್ತ ಕೂರಬೇಕು. ನನ್ನ ತಂಗಿ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಹಾಗೆ ಒಂದು ಪುಟ ಸುರಿದಳು. ಆಮೇಲೆ ಜನ್ಮದಲ್ಲಿ ಒಂದು ಖಾಲಿ ಜಾಗವನ್ನೂ ತುಂಬದೆ ಬಿಡಲಿಲ್ಲ.

ಮೊಳೆಯ ಕಾಲ ಮುಗಿದ ಮೇಲೆ ಅವಳು ಅದೇ ಅಚ್ಚಿನ ಮನೆಯಲ್ಲಿ ಪ್ರೂಫ್ ನೋಡುತ್ತ ಕೂತಳು. ಅರ್ಧ ಆಯುಸ್ಸು ಮೊಳೆ, ಅರ್ಧ ಪ್ರೂಫ್. ಹೀಗೆ ನಲವತ್ತು ವರ್ಷ ಆಯಿತು. ಅಷ್ಟರಲ್ಲಿ ಹಳೇ ಮಾಲೀಕರು ಹೋಗಿ ಅವರ ಮಗ ಬಂದಿದ್ದ. ಒಂದು ಬೆಳಿಗ್ಗೆ ಅವನು ಇವಳ ಮೇಜಿನ ಹತ್ತಿರ ಬಂದು ಪೆನ್ನು ಎತ್ತಿ ಇಟ್ಟ, ರಬ್ಬರು ಎತ್ತಿ ಇಟ್ಟ.

"ಹೇಳಪ್ಪಾ, ಅದೇನು ಹೇಳೋಕೆ ಬಂದಿದೀಯೋ ಹೇಳು. ರಬ್ಬರ್ ಸವೆದುಹೋಗುತ್ತೆ."

"ಅಕ್ಕಾ, ಈಗ ಬರೋ ಕೆಲಸ ಎಲ್ಲಾ ವೆಬ್ ಪೇಜ್‌ದು. ಮುಂದಿನ ತಿಂಗಳಿಂದ ಈ ಪ್ರೂಫ್ ಟೇಬಲ್ ಇರಲ್ಲ."

"ಟೇಬಲ್ ಇರಲ್ಲ, ಸರಿ. ಕುರ್ಚಿ?"

"ಡಿಸೈನ್ ಕಲಿತವರಿಗೆ ಮಾತ್ರ ಕುರ್ಚಿ. ನಿಮಗೆ ಈ ವಯಸ್ಸಲ್ಲಿ ಅದೆಲ್ಲಾ ಯಾಕಕ್ಕಾ? ಹಾಯಾಗಿ ಮನೇಲಿರಿ."

"ಹಾಯಾಗಿರೋದು ಹೇಗೆ ಅಂತ ಮೊದಲು ನೀನು ಕಲಿತು ತೋರಿಸು. ಡಿಸೈನ್ ಎಲ್ಲಿ ಕಲಿಸ್ತಾರೆ ಅದನ್ನ ಹೇಳು."

ಮಾಲೀಕನಿಗೆ ನಗು ಬಂತು. ನಾಲ್ಕು ವಾರದ ಒಂದು ತರಗತಿ ಇದೆ, ಅದರ ಪರೀಕ್ಷೆ ಪಾಸಾದರೆ ಕುರ್ಚಿ ನಿಮ್ಮದೇ ಎಂದು ನಾಲ್ಕು ಜನರ ಎದುರಿಗೆ ಹೇಳಿಬಿಟ್ಟ. ಆಗದ ಮಾತು ಎಂಬ ಧೈರ್ಯ ಅವನಿಗೆ. ಎಷ್ಟು ಧೈರ್ಯ ಎಂದರೆ, ಮರುದಿನವೇ ಅವಳ ಬೀಳ್ಕೊಡುಗೆಗೆಂದು ಉಡುಗೊರೆಯನ್ನೂ ತರಿಸಿ ಬೀರುವಿನಲ್ಲಿ ಇಟ್ಟ. ಸುದ್ದಿ ತಂದದ್ದು ಯಂತ್ರ ಓಡಿಸುವವನು.

"ಚಿಮಟಕ್ಕಾ, ಗೋಡೆ ಗಡಿಯಾರ. ಬಣ್ಣದ ಕಾಗದ ಸುತ್ತಿಟ್ಟಿದ್ದಾರೆ."

"ಎಷ್ಟು ದೊಡ್ಡದು?"

"ಊಟದ ತಟ್ಟೆಯಷ್ಟಿರಬಹುದು."

"ನಲವತ್ತು ವರ್ಷಕ್ಕೆ ಒಂದು ತಟ್ಟೇನಾ! ಅಲ್ಲೇ ಇರಲಿ ಬಿಡು. ಅದನ್ನ ಕಂಕುಳಲ್ಲಿ ಇಟ್ಕೊಂಡು ನಾನು ಆ ಬಾಗಿಲು ದಾಟಿದ್ರೆ ಕೇಳು."

ತರಗತಿ ಇದ್ದದ್ದು ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಹನ್ನೆರಡು ಕಂಪ್ಯೂಟರು, ಒಂದು ಫ್ಯಾನು, ಕಾಲು ಅಲುಗುವ ಪ್ಲಾಸ್ಟಿಕ್ ಕುರ್ಚಿಗಳು. ಉಳಿದ ಹನ್ನೊಂದು ಮಂದಿಗೆ ಮೀಸೆ ಈಗ ತಾನೇ ಬರುತ್ತಿತ್ತು, ಇಲ್ಲವೇ ಎಂದೂ ಬರುವಂತಿರಲಿಲ್ಲ. ಕಲಿಸುವ ಮೇಷ್ಟ್ರು ಡಾಕ್ಟರ ಹಾಗೆ ಕತ್ತಿಗೆ ಹೆಡ್‌ಫೋನು ಹಾಕಿಕೊಂಡಿರುತ್ತಿದ್ದ. ಮೊದಲ ದಿನವೇ "ಬನ್ನಿ ಆಂಟಿ" ಎಂದ. "ಆಂಟಿ ಅನ್ನಬೇಡಿ, ಮೊಳೆ ಜೋಡಿಸೋಳು ನಾನು, ಕಂಪೋಸಿಟರ್ ಅನ್ನಿ" ಎಂದಳು. ಅಂದಿನಿಂದ "ಕಂಪೋಸಿಟರ್ ಆಂಟಿ" ಎಂದು ಕರೆಯತೊಡಗಿದ. ಇಬ್ಬರೂ ಸೋಲುವ ಪೈಕಿ ಅಲ್ಲ.

ಸಾಫ್ಟ್‌ವೇರ್ ಅವಳಿಗೆ ಹಿಡಿಸಿತು. ಪರದೆಯ ಎಡಗಡೆ ಡಬ್ಬಿಗಳ ಸಾಲು: ಚಿತ್ರಕ್ಕೊಂದು ಡಬ್ಬಿ, ಬರಹಕ್ಕೊಂದು, ಒತ್ತುವ ಗುಂಡಿಗೊಂದು. ಬೇಕಾದ್ದನ್ನು ಮೌಸಿನಲ್ಲಿ ಎಳೆದು ತಂದು ಪುಟದ ಮೇಲೆ ಬಿಡುವುದು. "ಇದು ನಮ್ಮ ಮೊಳೆ ಪೆಟ್ಟಿಗೆಯೇ ಕಣೋ ಅಣ್ಣಾ, ಕೈಗೆ ಮಸಿ ಆಗಲ್ಲ ಅಷ್ಟೇ" ಎಂದು ನನಗೆ ವರದಿ ಒಪ್ಪಿಸಿದಳು.

ಮೂರನೇ ವಾರ ಒಂದು ಚಪ್ಪಲಿ ಅಂಗಡಿಯ ಪುಟ ಮಾಡಿ ತನ್ನಿ ಎಂದು ಮೇಷ್ಟ್ರು ಹೇಳಿದ. ಇವಳದ್ದು ಎಲ್ಲರಿಗಿಂತ ಅಚ್ಚುಕಟ್ಟು. ಚಪ್ಪಲಿಗಳು ನೂಲು ಹಿಡಿದ ಹಾಗೆ ನಿಂತಿದ್ದವು, ಸುತ್ತ ಧಾರಾಳವಾದ ಬಿಳಿ ಜಾಗ. ಮೇಷ್ಟ್ರು ಭೇಷ್ ಎಂದು, ಅದೇ ಪುಟವನ್ನು ತನ್ನ ಮೊಬೈಲಿನಲ್ಲಿ ತೆರೆದ. ಬರೀ ಬಿಳುಪು.

"ಚಪ್ಪಲಿ ಎಲ್ಲಿ ಆಂಟಿ?"

"ಕೆಳಗಿರುತ್ತೆ, ಎಳೀರಿ."

"ಎಳೆದೆ."

"ಇನ್ನೂ ಎಳೀರಿ."

ಅವನು ಎಳೆದ, ಎಳೆದ. ಮೊಬೈಲು ಬಿಸಿಯಾಯಿತು. ಅವನ ಬೆರಳಿನ ಗೆರೆಗಳು ಸವೆದುಹೋಗಿ, ಮರುದಿನ ಹಾಜರಿ ಯಂತ್ರ "ನೀನು ಯಾರು" ಎಂದು ಕೇಳಿತಂತೆ. ಅಷ್ಟು ಎಳೆದ ಮೇಲೆ ಒಂದು ಎಡಗಾಲಿನ ಚಪ್ಪಲಿ ಬಂತು. ಆಮೇಲೆ ಮತ್ತೆ ಬಿಳುಪು.

ಆಗಿದ್ದು ಇಷ್ಟು. ಎಲ್ಲೆಲ್ಲಿ ಖಾಲಿ ಜಾಗ ಬೇಕಿತ್ತೋ ಅಲ್ಲೆಲ್ಲ ಅವಳು ಏನೂ ಬರೆಯದ ಬಿಳಿ ಡಬ್ಬಿಗಳನ್ನು ತಂದು ಅಳತೆಗೆ ಸರಿಯಾಗಿ ಕೂರಿಸಿದ್ದಳು. ಒಟ್ಟು ನಲವತ್ತೊಂದು. ದೊಡ್ಡ ಪರದೆಯಲ್ಲಿ ಅವು ಪಕ್ಕಪಕ್ಕ ನಿಂತಿದ್ದವು. ಮೊಬೈಲಿನ ಪರದೆ ಸಣ್ಣದು. ಅಲ್ಲಿ ಎಲ್ಲವೂ ಒಂದರ ಕೆಳಗೊಂದು ಇಳಿದು, ಬಿಳಿ ಡಬ್ಬಿಗಳ ಗೋಪುರದ ನಡುವೆ ಚಪ್ಪಲಿಗಳು ದಿಕ್ಕಾಪಾಲಾಗಿದ್ದವು.

"ಖಾಲಿ ಜಾಗಕ್ಕೆ ಏನೂ ಇಡಬಾರದು ಆಂಟಿ."

"ಏನೂ ಇಡದೆ ಅದು ಹೇಗೆ ನಿಲ್ಲುತ್ತೆ?"

"ನಿಲ್ಲೋಕೆ ಅಲ್ಲೇನಿದೆ? ಅದು ಖಾಲಿ."

"ಖಾಲಿ ಅಂದ್ರೆ ಏನೂ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು ಮೇಷ್ಟ್ರೇ? ನಾನು ಅದನ್ನ ಕೈಯಲ್ಲಿ ಹೊತ್ತಿದ್ದೀನಿ. ಒಂದು ಪುಟದ ಖಾಲಿ ಜಾಗ ಒಂದೂವರೆ ಕೆಜಿ ತೂಗುತ್ತೆ."

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗು ತಡೆದುಕೊಂಡು, ಪರೀಕ್ಷೆಗೆ ಇನ್ನು ಒಂದೇ ವಾರ ಇದೆ, ಅವಸರ ಯಾಕೆ, ಮುಂದಿನ ಬ್ಯಾಚಿನಲ್ಲಿ ಬರೆಯಿರಿ ಎಂದ. ಮುಂದಿನ ಬ್ಯಾಚು ಮುಗಿಯುವಷ್ಟರಲ್ಲಿ ಟೇಬಲ್ಲೂ ಇರುವುದಿಲ್ಲ, ಕುರ್ಚಿಯೂ ಇರುವುದಿಲ್ಲ, ಗಡಿಯಾರ ಮಾತ್ರ ಇರುತ್ತದೆ.

"ಈ ಬ್ಯಾಚಿಗೇ ಕೂರ್ತೀನಿ" ಎಂದಳು. "ಫೇಲ್ ಮಾಡೋದಾದ್ರೆ ನೀವೇ ಮಾಡಿ. ಆ ಕೆಲಸಾನೂ ನಾನೇ ಮಾಡ್ಕೊಳ್ಳಲ್ಲ."

ಆ ಭಾನುವಾರ ನಾನು ಅವಳ ಮನೆಗೆ ಹೋದಾಗ ಅಡುಗೆ ಮನೆಯ ಮೇಜಿನ ಮೇಲೆ ಅವಳ ಮಗಳ ಲ್ಯಾಪ್‌ಟಾಪು ಇತ್ತು, ಅದರ ಎದುರಿಗೆ ಚಿಮಟಕ್ಕ ಯುದ್ಧಕ್ಕೆ ಕೂತ ಹಾಗೆ ಕೂತಿದ್ದಳು. ಚಹಾ ಸಿಗುವ ಲಕ್ಷಣ ಇರಲಿಲ್ಲ. ಕಥೆಯೆಲ್ಲ ಕೇಳಿ ನನಗೂ ನಗು ಬಂತು. ಅವಳು ಚಿಮಟ ತೆಗೆದು ಮೇಜಿನ ಮೇಲಿಟ್ಟಳು. ನಾನು ನಗು ನಿಲ್ಲಿಸಿದೆ.

"ಅಲ್ವೇ, ನಾನು ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದೆ" ಎಂದೆ.

"ಶುರು ಆಯ್ತು. ಬಸ್ಸಲ್ಲಿ ಆನೆ ಹತ್ತಿಸ್ಕೊಂಡ ಕಥೆ ಬೇಡ ಅಣ್ಣಾ, ಈಗ ಟೈಮಿಲ್ಲ."

"ಮರಿ ಆನೆ ಕಣೇ, ಅರ್ಧ ಟಿಕೆಟ್. ಅದಿರಲಿ. ಬಸ್ಸಲ್ಲಿ ಜನರ ಮಧ್ಯೆ ಜಾಗ ಬಿಡಿಸೋಕೆ ನಾನು ಮೂಟೆ ತಂದು ಇಡ್ತಿದ್ನಾ?"

"ಬಾಯಿ ಇತ್ತಲ್ಲ, ಮೂಟೆ ಯಾಕೆ? ಕೂಗ್ತಿದ್ದೆ."

"ಏನಂತ?"

"ಒಳಗೆ ಸರೀರಿ, ಒಬ್ಬರಿಗೊಬ್ಬರು ಒಂದು ಗೇಣು ಬಿಟ್ಟು ನಿಲ್ಲಿ ಅಂತ."

"ದೊಡ್ಡ ಬಸ್ಸು ಕೆಟ್ಟು, ಅದೇ ಜನ ಸಣ್ಣ ವ್ಯಾನಿಗೆ ಹತ್ತಿದಾಗ?"

"ಆಗಲೂ ಅದನ್ನೇ ಕೂಗ್ತಿದ್ದೆ. ಒಂದು ಸಾಲು ಹಿಡಿಸದೆ ಇದ್ರೆ ಎರಡು ಸಾಲು ಆಗ್ತಿತ್ತು…"

ಅಷ್ಟು ಹೇಳಿ ಅವಳು ಚಿಮಟವನ್ನು ಎತ್ತಿ ತುರುಬಿಗೆ ಸಿಕ್ಕಿಸಿಕೊಂಡಳು. ಆಮೇಲೆ ನನ್ನನ್ನು ಮರೆತು ಪರದೆಯ ಕಡೆ ತಿರುಗಿದಳು. ಚಪ್ಪಲಿಗಳೆಲ್ಲ ಒಂದು ದೊಡ್ಡ ಡಬ್ಬಿಯ ಒಳಗೆ ಇದ್ದವು. ಹೇಳಬೇಕಾದದ್ದು ಆ ದೊಡ್ಡ ಡಬ್ಬಿಗೆ. ನಿನ್ನೊಳಗೆ ಇರುವವರ ನಡುವೆ ಇಷ್ಟು ಅಂತರ, ಜಾಗ ಸಾಲದಿದ್ದರೆ ಮುಂದಿನ ಸಾಲಿಗೆ ಕಳಿಸು. ಮೇಷ್ಟ್ರು ಎರಡನೇ ವಾರ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದನಂತೆ, ನೋಟ್ ಪುಸ್ತಕದಲ್ಲೂ ಇತ್ತು. ತಲೆಗೆ ಇಳಿದಿರಲಿಲ್ಲ, ಅಲ್ಲಿ ಮೊದಲೇ ಸೀಸ ತುಂಬಿತ್ತು.

ಬಿಳಿ ಡಬ್ಬಿಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಇಲ್ಲಿ ನಾನು ಏನನ್ನೂ ಸೇರಿಸುತ್ತಿಲ್ಲ. ಬಲಗೈಯಲ್ಲಿ ಅಳಿಸುತ್ತಿದ್ದಳು, ಎಡಗೈಯನ್ನು ಲ್ಯಾಪ್‌ಟಾಪಿನ ಪರದೆಯ ಕೆಳಗೆ ಬಟ್ಟಲಿನ ಹಾಗೆ ಮಾಡಿ ಹಿಡಿದಿದ್ದಳು. ಪುಟ ಸುರಿದರೆ ಹಿಡಿಯಲಿಕ್ಕೆ. ತಾನು ಹಾಗೆ ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ. ನಲವತ್ತೊಂದನೆಯದೂ ಹೋಯಿತು. ಪುಟ ನಿಂತಿತ್ತು. ಅಂಗೈ ಖಾಲಿ. ಅವಳು ಆ ಕೈಯನ್ನು ಒಮ್ಮೆ ನೋಡಿಕೊಂಡು, ಸೀರೆಗೆ ಒರೆಸಿಕೊಂಡು ಎದ್ದಳು.

"ಚಹಾ ಕುಡೀತೀಯಾ?"

ಪರೀಕ್ಷೆಯ ದಿನ ಎರಡು ಗಂಟೆಯಲ್ಲಿ ಒಂದು ಕನ್ನಡಕದ ಅಂಗಡಿಯ ಪುಟ ಮಾಡಬೇಕಿತ್ತು. ಮೇಷ್ಟ್ರು ಕನಿಕರಪಟ್ಟು ಹತ್ತಿರ ಬಂದು, "ಸಿದ್ಧ ಮಾದರಿ ಇದೆ ಆಂಟಿ, ಅದರಲ್ಲಿ ಬರೀ ಹೆಸರು ಬದಲಾಯಿಸಿ ಸಾಕು, ಪಾಸಾಗ್ತೀರಿ" ಎಂದು ಕಿವಿಯಲ್ಲಿ ಹೇಳಿದ. "ಬೇರೆಯವರು ಬಿಗಿದ ಪುಟಕ್ಕೆ ನಾನು ಜವಾಬ್ದಾರಿ ಅಲ್ಲ" ಎಂದು ಇವಳು ಏನೂ ಇಲ್ಲದ ಪುಟದಿಂದಲೇ ಶುರು ಮಾಡಿದಳು.

ನೋಡಲು ಹೊರಗಿನಿಂದ ಒಬ್ಬ ಪರೀಕ್ಷಕ ಬಂದಿದ್ದ. ದೊಡ್ಡ ಪರದೆಯಲ್ಲಿ ನೋಡಿದ, ಟ್ಯಾಬಿನಲ್ಲಿ ನೋಡಿದ, ಮೊಬೈಲಿನಲ್ಲಿ ನೋಡಿದ. ಕನ್ನಡಕಗಳು ನಾಲ್ಕರ ಸಾಲಿನಿಂದ ಎರಡರ ಸಾಲಿಗೆ, ಎರಡರಿಂದ ಒಂದಕ್ಕೆ, ತಳ್ಳಾಟವಿಲ್ಲದೆ ಇಳಿದವು. ನಮ್ಮ ಬಸ್ಸಿನ ಜನ ಎಂದೂ ಅಷ್ಟು ಮರ್ಯಾದೆಯಿಂದ ಇಳಿದವರಲ್ಲ. ಪರೀಕ್ಷಕ ಮೇಲುಗಡೆ ಬೆರಳಿಟ್ಟ.

"ತಲೆಬರಹದ ಮೇಲೆ ಇಷ್ಟು ಖಾಲಿ ಇದೆಯಲ್ಲಮ್ಮಾ. ಏನೋ ಹಾಕೋಕೆ ಮರೆತ್ರಾ?"

"ಮರೆತಿಲ್ಲ. ಬಿಟ್ಟಿದ್ದೀನಿ."

"ಏನೂ ಇಲ್ವಾ ಅಲ್ಲಿ?"

"ಏನೂ ಇಲ್ಲ. ಬೇಕಾದ್ರೆ ತೂಕ ಹಾಕಿ ನೋಡಿ."

ಹಿಂದೆ ನಿಂತಿದ್ದ ಮೇಷ್ಟ್ರಿಗೆ ಕೆಮ್ಮು ಬಂತು. ಪಾಸಾದಳು. ಅಂಕ ಹೋದದ್ದು ಬಣ್ಣದಲ್ಲಿ ಮಾತ್ರ; ಕಪ್ಪು ಬಿಳುಪು ಬಿಟ್ಟರೆ ಮೂರನೆಯ ಬಣ್ಣವನ್ನು ಅವಳು ಇವತ್ತಿಗೂ ನಂಬುವುದಿಲ್ಲ.

ತಿಂಗಳ ಕೊನೆಯ ದಿನ ಅವಳು ಅಚ್ಚಿನ ಮನೆಗೆ ಹೋದಾಗ ಪ್ರೂಫ್ ಟೇಬಲ್ಲು ನಿಜವಾಗಿಯೂ ಇರಲಿಲ್ಲ. ಕಿಟಕಿಯ ಪಕ್ಕ ಹೊಸ ಮೇಜು, ಕಂಪ್ಯೂಟರು, ಕುರ್ಚಿ. ಮಾಲೀಕ ಸರ್ಟಿಫಿಕೇಟನ್ನು ಮುಂದೆ ನೋಡಿದ, ಹಿಂದೆ ತಿರುಗಿಸಿ ನೋಡಿದ.

"ಆಯ್ತಕ್ಕಾ. ನಾಲ್ಕು ಜನರ ಮುಂದೆ ಹೇಳಿದ ಮಾತು. ಕೂತ್ಕೊಳ್ಳಿ."

ಅವಳು ಕೂರಲಿಲ್ಲ. ನೇರ ಬೀರುವಿನ ಹತ್ತಿರ ಹೋಗಿ ಬಣ್ಣದ ಕಾಗದದ ಪೊಟ್ಟಣ ತೆಗೆದಳು, ಎಲ್ಲರ ಎದುರಿಗೇ ಬಿಚ್ಚಿದಳು. ತಟ್ಟೆಗಿಂತ ಸಣ್ಣದೇ ಇತ್ತಂತೆ.

"ಇದು ನನ್ನದೇ ತಾನೇ?"

"ನಿಮ್ಮದೇ ಅಕ್ಕಾ… ಆದ್ರೆ ಅದು…"

"ಗೊತ್ತು ಯಾತಕ್ಕೆ ತಂದಿದ್ದು ಅಂತ. ಮೊಳೆ ಹೊಡಿ, ಅಲ್ಲಿ, ನನ್ನ ಕುರ್ಚಿ ಎದುರಿಗೆ. ಮನೆಗೆ ಹೋಗೋ ಹೊತ್ತು ಯಾವಾಗ ಅಂತ ನಾನೇ ನೋಡ್ಕೊಳ್ತೀನಿ."

ಮಾಲೀಕನೇ ಸ್ಟೂಲು ಹತ್ತಿ ಮೊಳೆ ಹೊಡೆದ. ಇಳಿಯುವಾಗ ಸಮಾಧಾನಕ್ಕೆಂದು ಕೇಳಿದ: "ಪಕ್ಕದ ಗೋಡೆ ಬೋಳು ಕಾಣುತ್ತಲ್ಲಕ್ಕಾ, ಅಲ್ಲೊಂದು ಕ್ಯಾಲೆಂಡರ್ ಹಾಕಲಾ?"

ಚಿಮಟಕ್ಕ ಅಷ್ಟರಲ್ಲಿ ಕೂತು, ಚಿಮಟವನ್ನು ತುರುಬಿನಲ್ಲಿ ಸರಿಮಾಡಿಕೊಂಡು, ಕಂಪ್ಯೂಟರಿನ ಗುಂಡಿ ಒತ್ತಿದ್ದಳು.

"ಏನೂ ಹಾಕ್ಬೇಡ. ಅದು ಹಾಗೇ ನಿಲ್ಲುತ್ತೆ."