ಉಳ್ಳಿ ಸೀಮೆಯೋಳ ಅತ್ತೆ

ನಾಲೆಗೆ ನೀರು ಬಿಡದ ಆ ವರ್ಷವನ್ನು ನಮ್ಮೂರಲ್ಲಿ ಎಲ್ಲರೂ ಬೈಯುತ್ತಾರೆ. ನನಗೆ ಬೈಯಲು ಬಾಯಿ ಬರುವುದಿಲ್ಲ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅತ್ತೆಮನೆಯಲ್ಲಿ ನಾನು ತಲೆಯೆತ್ತಿ ಓಡಾಡಿದ್ದು ಆ ಬರದಲ್ಲೇ.

ನನ್ನ ತವರು ಮಳವಳ್ಳಿ ಕಡೆಯ ಬೆದ್ದಲು. ಮಳೆ ಬಂದರೆ ರಾಗಿ, ಕೈಕೊಟ್ಟರೆ ಹುರುಳಿ. ಕೊಟ್ಟಿದ್ದು ಕೆರಗೋಡಿನ ಹತ್ತಿರದ ನಾಲೆ ಊರಿಗೆ. ಇಲ್ಲಿ ಗದ್ದೆ ಅಂದರೆ ಭತ್ತ, ಇಲ್ಲವೇ ಕಬ್ಬು. ಹುರುಳಿ ಸಾರು ಕಂಡರೆ ಬಾಯಿ ಚಪ್ಪರಿಸುತ್ತಾರೆ, ಬೆಳೆಯಲು ಮಾತ್ರ ನಾಚಿಕೆ. ನಮ್ಮ ಬಾಯಲ್ಲಿ ಅದು ಉಳ್ಳಿ. ಬಂದ ವಾರದಲ್ಲೇ ಅತ್ತೆ ನನಗೆ "ಉಳ್ಳಿ ಸೀಮೆಯೋಳು" ಅಂತ ಹೆಸರಿಟ್ಟರು. ಅನ್ನ ಒಂದಗುಳು ಚೆಲ್ಲಿದರೂ ಅದೇ ಹೆಸರು, ಒಂದು ಚೊಂಬು ನೀರನ್ನು ಉಳಿಸಿದರೂ ಅದೇ ಹೆಸರು. ಕೆಟ್ಟವರಲ್ಲ, ನೀರಿನ ಜಂಬ ಅಷ್ಟೆ. ನನ್ನಪ್ಪನ ಮನೆಗೆ ಹೋದಾಗಲೆಲ್ಲ ಅರ್ಧ ಲೋಟ ಕಾಫಿ ಕುಡಿದು, ಊಟಕ್ಕೆ ಏಳಿ ಅನ್ನುವಷ್ಟರಲ್ಲಿ ಬಸ್ಸಿನ ನೆಪ ಹೇಳಿ ಎದ್ದುಬಿಡುತ್ತಿದ್ದರು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅದು ನನ್ನನ್ನು ಬೈದಿದ್ದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಆ ವರ್ಷ ನೀರಿನ ಸುದ್ದಿಯೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು. ಬಿಡುತ್ತಾರೆ ಅಂತಲೂ ಇಲ್ಲ, ಬಿಡುವುದಿಲ್ಲ ಅಂತಲೂ ಇಲ್ಲ. ಊರೆಲ್ಲ ನಂಬಿ ಭತ್ತದ ಸಸಿಗೆ ಒಟ್ಲು ಹಾಕಿತು. ನಾವೂ ಹಾಕಿದೆವು. ಸಸಿ ಗೇಣುದ್ದ ಬಂದು, ಹಳದಿಯಾಗಿ, ಕೊನೆಗೆ ಹಸುವಿನ ಒಂದು ಹೊತ್ತಿನ ಮೇವಾಯಿತು. ನಾಲೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಹಸುವೇ ಮನೆಯ ದೊಡ್ಡ ಚಿಂತೆ. ಕರುವಾಗಿದ್ದಾಗಿಂದ ಅತ್ತೆ ಸಾಕಿದ ಹಸು, ಗಬ್ಬವಾಗಿತ್ತು. ಕಾರ್ತಿಕದಲ್ಲಿ ಈಯಬೇಕು. ಹುಲ್ಲಿನ ಮೆದೆ ಸೊಂಟದೆತ್ತರಕ್ಕೆ ಇಳಿದಿತ್ತು. ಮೇವು ಸಿಗದಿದ್ದರೆ ದನದ ಸಂತೆಗೆ ಹೊಡೆಯುವುದೇ ಅಂತ ನಮ್ಮ ಯಜಮಾನರು ಹೇಳಿದರು. ಅತ್ತೆ ತಟ್ಟೆ ಮುಂದಿಂದ ಎದ್ದರು.

"ಗಬ್ಬದ ಅಸೂನ ಸಂತೆಗೆ ಒಡೀತೀಯಾ? ಮೊದ್ಲು ನನ್ನ ಒಡ್ಕೊಂಡೋಗ್ಲಾ!"

ಹುರುಳಿಯಾದರೆ ಕಾಳು ಮನೆಗೆ, ಹೊಟ್ಟು ಹಸುವಿಗೆ ಅಂತ ನಾನು ಅಪ್ಪನಿಗೆ ಫೋನು ಮಾಡಿದೆ. ಮೂರನೆಯ ದಿನಕ್ಕೆ ಮಂಡ್ಯದಲ್ಲಿ ಬಸ್ಸು ಬದಲಿಸಿ, ಹೆಗಲ ಮೇಲೆ ಬಿತ್ತನೆ ಹುರುಳಿಯ ಚೀಲ ಹೊತ್ತು ಬಂದ. ಹಿಂದಿನ ಸಂಜೆ ಒಂದು ಹದ ಮಳೆ ಬಿದ್ದಿತ್ತು. ಮನೆ ಹಿಂದಿನ ಎತ್ತರದ ಗದ್ದೆಯ ಮಣ್ಣನ್ನು ಹಿಡಿ ಎತ್ತಿ ಹಿಸುಕಿ ನೋಡಿದ. ಆವತ್ತೇ ಉಳುಮೆ, ಆವತ್ತೇ ಬಿತ್ತನೆ. ಹೊರಡುವಾಗ ಒಂದೇ ಮಾತು ಹೇಳಿದ.

"ಬಿತ್ತಾಯ್ತು, ಇನ್ನು ಮರ್ತುಬುಡಿ. ನೀರು ಮಾತ್ರ ತೋರುಸ್ಬ್ಯಾಡಿ."

ನಾಲೆ ಸೀಮೆಯವರಿಗೆ ಇದಕ್ಕಿಂತ ಕಷ್ಟದ ಕೆಲಸ ಕೊಡಲು ಸಾಧ್ಯವಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಅತ್ತೆ ಬಚ್ಚಲ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಪೈರಿನ ಬುಡಕ್ಕೆ ಸುರಿಯುತ್ತಿದ್ದಾರೆ. ಗದ್ದೆಯ ಮನೆ ಕಡೆಯ ಕಾಲುಭಾಗ ಆಗಲೇ ಒದ್ದೆ.

"ಅತ್ತೆ, ನೀರು ಕುಡುದ್ರೆ ಉಳ್ಳಿ ಸೊಕ್ಕುತ್ತೆ. ಕಾಯಿ ಕಟ್ಟಲ್ಲ."

"ಬಾಯಾರಿದ್ ಮಗೀಗೆ ನೀರು ಕೊಡ್ಬ್ಯಾಡ ಅಂತೀಯಲ್ಲ, ನೀನೇನ್ ಎಂಗಸಾ?" ಅಂದು ಉಳಿದದ್ದನ್ನೂ ಸುರಿದರು. ಆಮೇಲೆ ದಿನಾ ಅದೇ ಕೆಲಸ.

ಸೊಕ್ಕಿಯೇ ಸೊಕ್ಕಿತು. ನೀರು ಕಾಣದ ಮುಕ್ಕಾಲು ಭಾಗ ಗಿಡ್ಡಗೆ ಕೂತು ಹೂ ಬಿಟ್ಟು ಕಾಯಿ ಕಟ್ಟಿದರೆ, ಅತ್ತೆಯ ಕಾಲುಭಾಗ ಬರೀ ಎಲೆ, ಬಳ್ಳಿ. ಒಂದು ಹೂವಿಲ್ಲ. ಅಷ್ಟರಲ್ಲಿ ಮೆದೆ ಬರಿದಾಗಿತ್ತು. ಹಸುವಿನ ಪಕ್ಕೆಲುಬು ಕಾಣುತ್ತಿತ್ತು, ಈಯಲು ಇನ್ನೂ ಇಪ್ಪತ್ತು ದಿನ. ಕಾಯಿ ಒಣಗಿ, ಒಕ್ಕಣೆಯಾಗಿ, ಹೊಟ್ಟು ಕೈಗೆ ಬರುವುದು ಅದಕ್ಕೂ ಆಚೆಗೆ. ಯಜಮಾನರು ಸಂತೆಯ ವಾರ ಕೇಳಿಕೊಂಡು ಬಂದರು.

ಪೈರು ನೋಡಲು ಅಪ್ಪ ಬಂದ. ಅತ್ತೆ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹನ್ನೊಂದು ವರ್ಷದ್ದನ್ನು ಅಪ್ಪ ಒಂದೇ ಮಾತಿನಲ್ಲಿ ತೀರಿಸುತ್ತಾನೆ ಅಂದುಕೊಂಡೆ. ಅಪ್ಪ ಬದುವಿನ ಮೇಲೆ ನಿಂತು ಆ ಹಸಿರನ್ನು ನೋಡಿದ. ಕುಡುಗೋಲು ಕೇಳಿ ಇಸಕೊಂಡು ಒಂದು ಹೊರೆ ಕೊಯ್ದು ಹಸುವಿನ ಮುಂದೆ ಹಾಕಿದ. ಅದು ತಲೆ ಎತ್ತದೆ ತಿಂದಿತು.

"ಬೀಗಿತ್ತಮ್ಮ," ಅಂತ ಅಡುಗೆಮನೆ ಕಡೆ ಕೂಗಿದ, "ನಂಗಿದು ಒಳೀಲಿಲ್ಲ ನೋಡಿ. ಕಾಳಿಗೆ ಬ್ಯಾರೆ, ಮೇವಿಗೆ ಬ್ಯಾರೆ ಬೆಳ್ದಿದ್ದೀರಿ. ಇಪ್ಪತ್ತು ದಿನಕ್ಕೆ ಸಾಕು ಇದು."

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ನನಗೆ ನನ್ನ ಖುಷಿಯ ಮೇಲೆ ನಾಚಿಕೆಯಾಯಿತು. ಅಪ್ಪನ ಆ ಒಂದು ಮಾತಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ದಿನಕ್ಕೊಂದು ಹೊರೆಯ ಹಾಗೆ ಕೊಯ್ದೆವು. ಹಸು ಸಂತೆಗೆ ಹೋಗಲಿಲ್ಲ. ಹೆಣ್ಣು ಕರು ಹಾಕಿತು. ಮೊದಲ ಹಾಲಿನ ಗಿಣ್ಣನ್ನು ಅತ್ತೆ ಬೀದಿಗೆ ಹಂಚಲಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ, ಡಬ್ಬಿ ತುಂಬಿ, ತಾವೂ ಸೀರೆ ಉಟ್ಟು ನನ್ನನ್ನೂ ತವರಿಗೆ ಹೊರಡಿಸಿದರು. ಮಳವಳ್ಳಿ ದಾಟುವವರೆಗೂ ಡಬ್ಬಿ ಅವರ ಮಡಿಲಲ್ಲೇ ಇತ್ತು.

ಅವ್ವ ಊಟಕ್ಕೆ ಕರೆಯಲು ಹಿಂಜರಿದಳು. ಎಷ್ಟು ವರ್ಷ ಅಂತ ಕರೆದು ಇಲ್ಲ ಅನ್ನಿಸಿಕೊಳ್ಳುವುದು? ಅತ್ತೆ ತಾವೇ ಕೈ ತೊಳೆದು ಬಂದು ಕೂತರು. ಎರಡನೆಯ ಮುದ್ದೆ ಮುರಿಯುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ಇಣುಕಿ, ಯಾರವ್ವ ನೀವು, ಅಂತ ಕೇಳಿದಳು.

ಅತ್ತೆ ಸಾರಿಂದ ತಲೆ ಎತ್ತಲಿಲ್ಲ. "ನಾನಾ? ನಿಮ್ಮ ಉಳ್ಳಿ ಸೀಮೆಯೋಳ ಅತ್ತೆ ಕಣಮ್ಮ" ಅಂದರು.

ನಾನು ಸಾರಿನ ಸೌಟು ಹಿಡಿದು ಹಾಗೇ ನಿಂತೆ. ಬಡಿಸಮ್ಮಿ ಅಂತ ಅವರು ತಟ್ಟೆ ಮುಂದಕ್ಕೆ ತಳ್ಳಿದರು.